ಹಾಡು ಮುಗಿಯುವಷ್ಟು ಹೊತ್ತು

ಹೊಳನಗದ್ದೆಯ ಆ ಮನೆಯಲ್ಲಿ ಒಂದು ಕಾನೂನು ಇತ್ತು: ಅಜ್ಜಿಯ ಹಾಡು ಮುಗಿದರೆ ಮೊಮ್ಮಗಳ ಆಟವೂ ಮುಗಿಯಬೇಕು. ಹಾಡಿನ ಕೊನೆಯ ಸೊಲ್ಲು ಕೇಳಿದ ಕೂಡಲೇ ಹತ್ತು ವರ್ಷದ ಪವಿತ್ರಾ ಮೊಬೈಲನ್ನು ಗೋಡೆಗೂಡಿನಲ್ಲಿಟ್ಟು ಬಂದು ಪಾಟಿಚೀಲ ಬಿಚ್ಚಬೇಕು. ಬಡಿಯುವುದಿಲ್ಲ, ಬೈಯುವುದಿಲ್ಲ, ಕಸಿದುಕೊಳ್ಳುವುದಂತೂ ಇಲ್ಲವೇ ಇಲ್ಲ. ಕಾನೂನು ಮಾಡಿದವಳು ಪವಿತ್ರಾಳ ತಾಯಿ ವಿನುತಾ.

ಕಸಿದುಕೊಳ್ಳುವುದಿಲ್ಲ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ವಿನುತಾ ಕುಮಟೆಯ ಒಂದು ಟೈಲರಿಂಗ್ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಾಳೆ. ಗಂಡ ಸಂತೋಷ ಭಟ್ಕಳದ ಕಡೆ ಜೆಸಿಬಿ ಓಡಿಸುತ್ತಾನೆ. ವಾರಕ್ಕೊಮ್ಮೆ ಬಂದರೆ ಬಂದ. ಮನೆಯಲ್ಲಿ ಉಳಿಯುವವರು ಪವಿತ್ರಾ ಮತ್ತು ಅವಳ ಅಜ್ಜಿ, ಸಂತೋಷನ ತಾಯಿ ಹೊನ್ನಮ್ಮ. ಏನಾದರೂ ಆದರೆ ಫೋನು ಮಾಡಲಿಕ್ಕೆ ಇರಲಿ ಎಂದು ಸಂತೋಷ ತನ್ನ ಹಳೆಯ ಮೊಬೈಲನ್ನು ಮನೆಯಲ್ಲೇ ಬಿಟ್ಟಿದ್ದ. ಬಿಡುವಾಗ ಮಗಳ ಖುಷಿಗೆಂದು ಅದರಲ್ಲಿ ಒಂದು ಓಡುವ ಆಟವನ್ನೂ ಹಾಕಿಕೊಟ್ಟಿದ್ದ. ಕೆಂಪು ಅಂಗಿಯ ಹುಡುಗಿಯೊಬ್ಬಳು ರಸ್ತೆಯ ಮೇಲೆ ಓಡುತ್ತಾಳೆ. ಅಡ್ಡ ಬಂದದ್ದನ್ನು ಹಾರುತ್ತಾಳೆ, ಚಿನ್ನದ ನಾಣ್ಯ ಹೆಕ್ಕುತ್ತಾಳೆ, ಮತ್ತೆ ಓಡುತ್ತಾಳೆ.

"ಇದು ಮುಗಿಯೂದು ಯಾವಾಗಾ?" ಎಂದು ವಿನುತಾ ಒಮ್ಮೆ ಕೇಳಿದ್ದಳು.

"ಮುಗಿಯೂದಿಲ್ಲ ಅಮ್ಮಾ. ಬಿದ್ರೆ ಮತ್ತೆ ಮೊದಲಿಂದ."

ಬೇಸಿಗೆ ರಜೆಯಲ್ಲಿ ಒಂದು ದಿನ ಊಟಕ್ಕೆ ನಾಲ್ಕು ಸಲ ಕರೆದರೂ ಮಗಳು ಏಳಲಿಲ್ಲ. ಕಣ್ಣು ಇಲ್ಲಿ, ಜೀವ ಅಲ್ಲಿ. ಐದನೆಯ ಸಲ ವಿನುತಾ ಮೊಬೈಲು ಕಸಿದು ಎಸೆದಳು. ಅದು ಅಕ್ಕಿ ಡಬ್ಬಿಗೆ ಬಡಿದು ಮೂಲೆ ಒಡೆಯಿತು. ಪವಿತ್ರಾ ಅಳಲಿಲ್ಲ. ಎದ್ದು ಹೋಗಿ ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತಳು. ಮೂರು ದಿನ ತಾಯಿಯೊಡನೆ ಒಂದು ಮಾತಿಲ್ಲ. ಕೇಳಿದ್ದಕ್ಕೆ ತಲೆ ಅಲ್ಲಾಡಿಸುವುದು, ಬಡಿಸಿದ್ದನ್ನು ಉಣ್ಣುವುದು, ಅಷ್ಟೇ. ಆ ಮೂರು ದಿನ ರವಿಕೆಯ ತೋಳನ್ನು ತಿರುಗಾ ಮುರುಗಾ ಹೊಲಿದು ಬಿಚ್ಚಿದವಳಿಗೆ ಒಂದು ಹೆದರಿಕೆ ಗಟ್ಟಿಯಾಗಿ ಕೂತಿತು. ಮಗಳು ಇವತ್ತು ಮೊಬೈಲಿನ ಸಲುವಾಗಿ ಮಾತು ಬಿಟ್ಟಳು. ನಾಳೆ ದೊಡ್ಡವಳಾದ ಮೇಲೆ ಇನ್ನೆಂಥದೋ ಸಲುವಾಗಿ ಬಿಟ್ಟರೆ? ಆಟ ಇರಲಿ, ಹೋಗಲಿ. ಮಗಳು ತನ್ನೊಡನೆ ಮಾತಾಡುವುದು ಮಾತ್ರ ನಿಲ್ಲಬಾರದು.

ನಾಲ್ಕನೆಯ ದಿನ ಅವಳೇ ಕೊಟ್ಟಿಗೆಯ ಮೆಟ್ಟಿಲಿಗೆ ಹೋಗಿ ಕೂತಳು. "ನಾ ಇನ್ನು ಕಸ್ಕಂಬೂದಿಲ್ಲ. ನೀ ಸುಳ್ಳು ಹೇಳೂಕಿಲ್ಲ. ಆತಾ?"

"ಆತು."

ಮೊದಲು ಅಲಾರಂ ಇಟ್ಟು ನೋಡಿದ್ದಾಯಿತು. ಅದು ಆ ಮೊಬೈಲಿನಲ್ಲೇ ಬಡಿಯುವುದು. ಬಡಿದ ಕೂಡಲೇ ಪವಿತ್ರಾಳ ಹೆಬ್ಬೆರಳು ನೊಣ ಒರೆಸಿದ ಹಾಗೆ ಒರೆಸಿಬಿಡುತ್ತಿತ್ತು. ಗೋಡೆಯ ಗಡಿಯಾರ ನೋಡು ಎಂದರೆ ನೋಡುವವರು ಯಾರು? ವಿನುತಾ ಮನೆ ಮುಟ್ಟುವುದು ಆರು ಗಂಟೆಗೆ. ಹೊನ್ನಮ್ಮನಿಗೆ ಗಡಿಯಾರದ ಮುಳ್ಳು ಗೊತ್ತಿಲ್ಲ.

ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದ ಹೊನ್ನಮ್ಮ, ಕೊರಳ ತುಂಬಿದ ಕರಿಮಣಿ ಸರಗಳನ್ನು ಹಿಂದೆ ಸರಿಸಿಕೊಂಡು, "ಹೊತ್ತು ಬೇಕಲ್ದಾ ನಿಂಗೆ?" ಎಂದಳು. "ನನ್ನ ತಂಗಿ ಹಾಡು ಅದೆ. ಗದ್ದೆ ನೆಟ್ಟಿ ಮಾಡುವಾಗ ನಮ್ಗೆ ಯಾವ ಗಡಿಯಾರ ಇತ್ತೇ? ಹಾಡು ಶುರು ಮಾಡೂದು, ಬಗ್ಗೂದು. ತಂಗಿ ತೌರು ಮುಟ್ಟೂಕಿಲ್ಲ ಅಂದ್ರೆ ಯಾರೂ ಸೊಂಟ ಎತ್ತೂಕಿಲ್ಲ. ಒಡೆಯರೂ ಅಷ್ಟೇ, ಹಾಡು ಮುಗೀದೆ ಚಾ ಕೊಡ್ತಿರ್ಲಿಲ್ಲ."

ತಂಗಿ ಹಾಡೆಂದರೆ ಅಡುಗೆ ಮಾಡಿದ ಮಡಕೆ ಕವುಚಿಟ್ಟು ಗಂಡನ ಮನೆಯಿಂದ ತವರಿಗೆ ಹೊರಟ ಹೆಣ್ಣೊಂದರ ಹಾಡು. ಶುರುವಾಗುವುದು ಹೀಗೆ:

ಅಟ್ಟ ಮಡಕೆ ಕವುಚಿಟ್ಟು ತಂಗೀ
ಹೊರಟಾಳೆ ತಾಯ ಮನೆಗೆ

ದಾರಿಯಲ್ಲಿ ಏನೇನು ಸಿಗುತ್ತದೋ ಅದನ್ನೆಲ್ಲ ತಂಗಿ ಮಾತಾಡಿಸುತ್ತಾಳೆ. ಮಾವಿನ ಮರ, ಹಾಲು ಕರೆಯದ ಆಕಳು, ಉಪ್ಪು ಹೊತ್ತ ಮುದುಕಿ. ಮೂರು ಹೊಳೆ ದಾಟುತ್ತಾಳೆ. ಒಮ್ಮೆ ಹೊರಡಿಸಿದ ಮೇಲೆ ಅವಳನ್ನು ದಾರಿಯಲ್ಲಿ ಬಿಡುವ ಹಾಗಿಲ್ಲ. ಬಿಟ್ಟರೆ ಹಾಡಿದವಳ ಮನೆಯ ಹೆಣ್ಣು ಎಲ್ಲೋ ಸಿಕ್ಕಿಬೀಳುತ್ತಾಳೆ ಎಂದು ಹೊನ್ನಮ್ಮನ ನಂಬಿಕೆ.

ವಿನುತಾ ಮೂರು ಭಾನುವಾರ ಗಡಿಯಾರ ನೋಡುತ್ತ ಕೂತಳು. ಮೂವತ್ತೆರಡು ನಿಮಿಷ. ಮುಂದಿನ ವಾರ ಮೂವತ್ತಮೂರು. ಅದರ ಮುಂದಿನ ವಾರ ಮತ್ತೆ ಮೂವತ್ತೆರಡು. ಕ್ಯಾಲೆಂಡರಿನ ಚೌಕದಲ್ಲಿ ಪೆನ್ಸಿಲಿನಿಂದ ಬರೆದಿಟ್ಟು ಅವಳೇ ಬೆರಗಾದಳು. ಈ ಗಡಿಯಾರವನ್ನು ಹೆಬ್ಬೆರಳಿನಿಂದ ಒರೆಸಲಿಕ್ಕೆ ಬರುವುದಿಲ್ಲ. ಬ್ಯಾಟರಿ ಬೇಡ. ಮೇಲಾಗಿ, ಹಾಡುತ್ತ ಕೂತ ಅಜ್ಜಿಗೆ ಮೊಮ್ಮಗಳು ಹತ್ತಿರವೇ ಇರುತ್ತಾಳೆ.

ಅಂಗಡಿಯಲ್ಲಿ ಹೇಳಿಕೊಂಡಾಗ ಅಂಗಡಿಯ ಒಡತಿ ಜಯಶ್ರೀ ಕತ್ತರಿ ಕೆಳಗಿಟ್ಟು ನಕ್ಕಳು. "ನಂಗೂ ಒಂದು ಅತ್ತೆ ಬಾಡಿಗಿಗೆ ಕೊಡೇ ಮಾರಾಯ್ತಿ. ನಮ್ಮತ್ತೆ ಹಾಡೂಕೆ ನಿಂತ್ರೆ ಮೊಬೈಲಷ್ಟೇ ಅಲ್ಲ, ಮನೆಯೋರೆಲ್ಲಾ ಹೊರಗೆ ಓಡ್ತ್ರು."

ನವರಾತ್ರಿಯ ತನಕ ಎಲ್ಲ ಸರಿಯಾಗೇ ಇತ್ತು. ಸರಿಯಾಗಿರುವುದನ್ನು ಯಾರು ಬರೆದಿಡುತ್ತಾರೆ? ಕ್ಯಾಲೆಂಡರಿನಲ್ಲಿ ನಿಮಿಷ ಬರೆಯುವುದು ನಿಂತುಹೋಯಿತು.

ದೀಪಾವಳಿ ಕಳೆದು ಹದಿನೈದು ದಿನವಾಗಿರಬಹುದು. ವಿನುತಾ ಬಸ್ಸಿಳಿದು ಮನೆಗೆ ಬಂದಾಗ ಮಗಳು ಶಾಲೆ ಬಿಟ್ಟು ಬಂದ ಕೂಡಲೇ ಶುರುವಾಗುವ ಹಾಡು ಜಗಲಿಯಲ್ಲಿ ಇನ್ನೂ ನಡೆದಿತ್ತು. ಪವಿತ್ರಾ ಕಂಬಕ್ಕೆ ಒರಗಿ ಆಡುತ್ತಿದ್ದಳು.

"ಗಂಟೆ ಆರಾತು. ಇನ್ನೂ ಎಂತ ಇದು?"

"ಅಜ್ಜಿ ಹಾಡು ಮುಗೀಲಿಲ್ಲ," ಎಂದಳು ಪವಿತ್ರಾ. ಸುಳ್ಳಲ್ಲ.

ಇವತ್ತು ತಡವಾಗಿ ಶುರು ಮಾಡಿರಬೇಕು ಎಂದುಕೊಂಡಳು ವಿನುತಾ. ಮರುದಿನವೂ ಹಾಗೇ. ಆ ವಾರ ಮೂರು ಸಲ. ಶಾಲೆಯಲ್ಲಿ ಪಾಠ ಹೇಳುವ ಬಾಯೋರು ಪವಿತ್ರಾಳ ಲೆಕ್ಕದ ಪುಸ್ತಕದಲ್ಲಿ ಕೆಂಪು ಶಾಯಿಯಿಂದ 'ಮನೆಗೆಲಸ ಇಲ್ಲ' ಎಂದು ಬರೆದು ಕಳಿಸಿದರು. ವಿನುತಾಳಿಗೆ ಸಿಟ್ಟು ಬಂದದ್ದು ಮಗಳ ಮೇಲಲ್ಲ, ಅತ್ತೆಯ ಮೇಲೆ. ಮೊಮ್ಮಗಳು ಇನ್ನೊಂದಿಷ್ಟು ಆಡಲಿ ಎಂದು ಮುದುಕಿ ಮುದ್ದಿಗೆ ಹಾಡು ಬೆಳೆಸುತ್ತಿದ್ದಾಳೆ. ಇನ್ನೇನು?

"ಅತ್ತೆ, ನೀವು ಹಾಡು ಎಳೀತ್ರಿ," ಎಂದಳು ಒಂದು ಸಂಜೆ, ಸೊಪ್ಪು ಹೆಚ್ಚುತ್ತ.

"ಎಂತಾ?"

"ಅವ್ಳು ಆಡ್ಲಿ ಅಂತ ಹಾಡು ಉದ್ದ ಮಾಡ್ತ್ರಿ."

ಹೊನ್ನಮ್ಮ ಸೊಸೆಯ ಕಡೆ ತಿರುಗಿದಳು. "ಹಾಡೆಂತಾ ರಬ್ಬರೇನೇ, ಎಳೂಕೆ? ನನ್ನ ಅವ್ವಿ ಹೇಳ್ಕೊಟ್ಟಷ್ಟೇ ಹಾಡ್ತೆ ನಾನು. ಒಂದು ಸೊಲ್ಲು ಹೆಚ್ಚಿಲ್ಲ, ಒಂದು ಸೊಲ್ಲು ಕಮ್ಮಿ ಇಲ್ಲ." ಆಮೇಲೆ ಧ್ವನಿ ಸಣ್ಣದಾಯಿತು. "ನಾ ಕಳ್ಳಿ ಅಂತ ನಿನ್ನ ಮನ್ಸಿಗೆ ಬಂತಾ?"

ವಿನುತಾ ಹೆಚ್ಚಿದ ಸೊಪ್ಪನ್ನು ಪಾತ್ರೆಗೆ ಹಾಕಿದಳು. ಹೊನ್ನಮ್ಮ ಆ ದಿನ ಗಂಜಿ ಅರ್ಧಕ್ಕೇ ಬಿಟ್ಟಳು.

ಬೇರೆ ಗುರುತುಗಳೂ ಇದ್ದವು. ಸಾರಿಗೆ ಎರಡು ಸಲ ಉಪ್ಪು ಬಿತ್ತು. ವಯಸ್ಸಾಯಿತು ಎಂದಳು ವಿನುತಾ. ಬೆಳಿಗ್ಗೆ ತಾನೇ ಬಸ್ಸು ಹತ್ತಿಸಿದ ಮಗನ ಬಗ್ಗೆ ಮಧ್ಯಾಹ್ನ ಹೊನ್ನಮ್ಮ 'ಸಂತೋಷ ಇನ್ನೂ ಎದ್ದಿಲ್ವಾ?' ಎಂದು ಕೇಳಿದಳಂತೆ, ಪವಿತ್ರಾ ಹೇಳಿದಳು. ನಿದ್ದೆಗಣ್ಣು ಎಂದಳು ವಿನುತಾ. ಒಂದು ದಿನ ಸೊಸೆಯನ್ನೇ 'ಕಾಳಿ' ಎಂದು ಕರೆದಳು. ಕಾಳಿ ಹೊನ್ನಮ್ಮನ ತಂಗಿ, ಸತ್ತು ಮೂವತ್ತು ವರ್ಷ. ಅದಕ್ಕೆ ವಿನುತಾಳಿಗೆ ಕಾರಣ ಸಿಗಲಿಲ್ಲ. ಕೇಳಿಸದವಳ ಹಾಗೆ ಬಟ್ಟೆ ಒಣಹಾಕಲಿಕ್ಕೆ ಹೋದಳು.

ಪುಷ್ಯ ಮಾಸದ ಒಂದು ಬುಧವಾರ ಕುಮಟೆಯಲ್ಲಿ ಮಧ್ಯಾಹ್ನದಿಂದಲೇ ಕರೆಂಟು ತೆಗೆದರು. ಮೋಟಾರು ಇಲ್ಲದೆ ಮಿಷನ್ನು ಓಡುವುದಿಲ್ಲ. ಜಯಶ್ರೀ ಬಾಗಿಲು ಎಳೆದಳು. ವಿನುತಾ ನಾಲ್ಕೂವರೆಯ ಬಸ್ಸಿಗೆ ಬಂದು, ಗದ್ದೆಯ ಬದುವಿನ ಮೇಲಿಂದ ನಡೆದು, ಹಿತ್ತಲ ಕಡೆಯಿಂದ ಮನೆಗೆ ಬಂದಳು. ಸಾರಿಗೆ ನಾಲ್ಕು ಬಸಳೆ ಕುಡಿ ಕೊಯ್ಯುವ ಎಂದು ಚಪ್ಪರದ ಕೆಳಗೆ ನಿಂತಾಗ ಒಳಗಿನಿಂದ ಹಾಡು ಕೇಳಿಸಿತು. ಅತ್ತೆಯ ದನಿ ಚೆನ್ನಾಗಿತ್ತು. ತಂಗಿ ಮೊದಲ ಹೊಳೆ ದಾಟಿದಳು, ನೀರು ಮೊಣಕಾಲಿಗೆ. ಎರಡನೇ ಹೊಳೆ ದಾಟಿದಳು, ನೀರು ಸೊಂಟಕ್ಕೆ.

ಮೂರನೇ ಹೊಳೆಗೆ ಕಾಲಿಟ್ಟು ತಂಗೀ
ನೀರು ಬಂತಲ್ಲೇ ಕೊರಳಿಗೆ

ಹಾಡು ನಿಂತಿತು. ಆಟದ ನಾಣ್ಯಗಳ ಟಿಣ್ ಟಿಣ್ ಸದ್ದು ಮಾತ್ರ.

"ಎಂತ ಮಗಾ ಮುಂದೆ?" ಎಂದಿತು ಹೊನ್ನಮ್ಮನ ದನಿ.

ಪವಿತ್ರಾ ಒಂದು ಉಸಿರಿನಷ್ಟೂ ತಡಮಾಡದೆ ಹೇಳಿದಳು: "ಅಟ್ಟ ಮಡಕೆ ಕವುಚಿಟ್ಟು ತಂಗೀ."

"ಹೌದು ಹೌದು! ನನ್ನ ಕೂಸಿಗೆ ಹಾಡು ಬತ್ತದೆ ಕಾಣು. ಯಾರೂ ಕಲ್ತಿಲ್ಲ, ನೀ ಕಲ್ತಿ." ಹೊನ್ನಮ್ಮನ ಮಾತಿನಲ್ಲಿ ಸಕ್ಕರೆ ಇತ್ತು. ಹಾಡು ಮೊದಲಿಂದ ಶುರುವಾಯಿತು.

ಬಸಳೆ ಕುಡಿ ಕೈಯಲ್ಲೇ ಇತ್ತು. ವಿನುತಾ ಮೊದಲು ಏನೂ ಅರ್ಥವಾಗದೆ ನಿಂತಳು. ತಂಗಿ ಮತ್ತೆ ಮಾವಿನ ಮರದ ಹತ್ತಿರ ನಿಂತಳು, ಆಕಳನ್ನು ಮಾತಾಡಿಸಿದಳು, ಉಪ್ಪಿನ ಮುದುಕಿಗೆ ದಾರಿ ಕೇಳಿದಳು, ಮತ್ತೆ ಮೂರನೇ ಹೊಳೆ. ಮತ್ತೆ ಮೌನ. ಎಂತ ಮಗಾ ಮುಂದೆ? ಅಟ್ಟ ಮಡಕೆ ಕವುಚಿಟ್ಟು ತಂಗೀ. ಬಿದ್ದರೆ ಮತ್ತೆ ಮೊದಲಿಂದ.

ಅವಳು ಒಳಗೆ ಬಂದಳು. ಮಗಳ ಕಣ್ಣು ಮೇಲೆದ್ದು ಅಲ್ಲೇ ನಿಂತಿತು. ವಿನುತಾಳ ಕೈ ಮೊಬೈಲಿನ ತನಕ ಹೋಯಿತು. ಅಕ್ಕಿ ಡಬ್ಬಿಯ ಸದ್ದು ಕಿವಿಯಲ್ಲಿ ಕೇಳಿದಂತಾಯಿತು. ಕೈ ಹಿಂದಕ್ಕೆ ಬಂತು.

"ಬಾವಿ ಹತ್ರ ಬಾ," ಎಂದಳು.

ಬಾವಿಕಟ್ಟೆಯ ಮೇಲೆ ಇಬ್ಬರೂ ಕೂತರು.

"ಯಾವಾಗಿಂದ?"

"ದೀಪಾವಳಿ ಆದ್ಮೇಲೆ."

"ನಂಗೆ ಹೇಳೂಕೆ ಎಂತ ಆಗಿತ್ತು?"

"ನೀ ಸುಳ್ಳು ಹೇಳ್ಬೇಡ ಅಂದಿ. ನಾ ಹೇಳ್ಲಿಲ್ಲ. ಹಾಡು ಮುಗೀಲೇ ಇಲ್ಲ." ಪವಿತ್ರಾ ಕಾಲಿನಿಂದ ಕಲ್ಲು ಕೆರೆಯುತ್ತಿದ್ದಳು. "ಮೊದಲ್ನೇ ಸಲ ನಾ ಬೇಕಂತ ಹೇಳಿದ್ದಲ್ಲ. ಅಜ್ಜಿ ಕೇಳ್ತು, ನಂಗೆ ನೆನಪಿದ್ದದ್ದು ಅದೊಂದೇ, ಹೇಳ್ದೆ. ಅಜ್ಜಿಗೆ ಭಾರೀ ಖುಷಿ ಆತು."

"ಎರಡ್ನೇ ಸಲ?"

ಪವಿತ್ರಾ ಬಾವಿಯೊಳಗೆ ನೋಡುತ್ತ ಕೇಳಿದಳು: "ಅಜ್ಜಿಗೆ ಎಂತ ಆಗಿದೆ ಅಮ್ಮಾ? ಒಂದಿನ ಅದು ನನ್ನ ಹೆಸ್ರೂ ಕೇಳ್ತು. ನಾ ಹೇಳ್ದೆ. ಹೇಳಿದ್ರೆ ನೀವು ಆಸ್ಪತ್ರಿಗೆ ಹಾಕ್ತ್ರಿ ಅಂತ ನಿಂಗೆ ಹೇಳ್ಲಿಲ್ಲ."

ಆಟಕ್ಕೆಂದು ಮಗಳು ಅಜ್ಜಿಯ ಮರೆವನ್ನು ಬಳಸಿಕೊಂಡಳು, ಅದು ನಿಜ. ಎರಡು ತಿಂಗಳು ಆ ಮರೆವಿನ ಜೊತೆ ಒಬ್ಬಳೇ ಕೂತಿದ್ದವಳೂ ಆ ಮಗಳೇ. ತಾನು? ಹಾಡಿಗೆ ಎಷ್ಟು ನಿಮಿಷ ಎಂದು ಬರೆದಿಟ್ಟಿದ್ದಳು. ಒಳಗೆ ಏನಿದೆ ಎಂದು ಕಿವಿ ಕೊಟ್ಟಿರಲಿಲ್ಲ. ಮುದುಕಿಯನ್ನು ಗೋಡೆಯ ಗಡಿಯಾರದ ಹಾಗೆ ಜಗಲಿಯಲ್ಲಿ ತೂಗುಹಾಕಿ, ಅದು ತಪ್ಪಿ ನಡೆದಾಗ ಕಳ್ಳಿ ಎಂದು ಬಗೆದಿದ್ದಳು.

ಮಗಳ ಜಡೆ ಬಿಚ್ಚಿಹೋಗಿತ್ತು. ವಿನುತಾ ಅದನ್ನು ಮತ್ತೆ ಹೆಣೆಯುತ್ತ, "ಇನ್ನು ಅಜ್ಜಿಗೆ ಎಂತ ಆದ್ರೂ ನಂಗೆ ಹೇಳೂದು," ಎಂದಳು. "ಕೇಳ್ದೇ ಇದ್ರೂ ಹೇಳೂದು."

"ನೀ ಸಿಟ್ಟು ಮಾಡ್ತಿ."

"ಮಾಡ್ತೆ. ಆದ್ರೂ ಹೇಳೂದು."

ಮರುದಿನ ಅಂಗಡಿಗೆ ರಜೆ ಹೇಳಿ ಅತ್ತೆಯನ್ನು ಕುಮಟೆಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಅವರು ಇವತ್ತು ಯಾವ ವಾರ ಎಂದು ಕೇಳಿದರು. ಹೊನ್ನಮ್ಮ, "ನಿಮ್ಗೆ ಗೊತ್ತಿಲ್ವಾ? ಓದಿದೋರು!" ಎಂದು ನಕ್ಕಳು. ಡಾಕ್ಟರು ನಗಲಿಲ್ಲ. ರಕ್ತ ಪರೀಕ್ಷೆಗೆ ಬರೆದುಕೊಟ್ಟು, ಮರೆವಿನ ಕಾಯಿಲೆ ಶುರುವಾದಂತಿದೆ, ಗುಳಿಗೆಯಿಂದ ಪೂರ್ತಿ ಹೋಗುವಂಥದ್ದಲ್ಲ, ದಿನದ ರೂಢಿ ಯಾವುದನ್ನೂ ತಪ್ಪಿಸಬೇಡಿ ಎಂದರು. "ಹಾಡು ಹೇಳ್ತ್ರು," ಎಂದಳು ವಿನುತಾ. "ಹೇಳಲಿ. ನಿಲ್ಲಿಸಬೇಡಿ."

ಫೋನಿನಲ್ಲಿ ಸಂತೋಷ ಎಲ್ಲ ಕೇಳಿದ. ಹಿಂದೆ ಯಂತ್ರದ ಗಡಗಡ ಸದ್ದು. ಆಮೇಲೆ, "ಆ ಮೊಬೈಲು ಒಡ್ದು ಬಿಸಾಡು," ಎಂದ.

"ಆಟ ಹಾಕ್ಕೊಟ್ಟೋರು ಯಾರು?"

ಅವನು ಯಂತ್ರ ನಿಲ್ಲಿಸಿದ.

"ಒಡೂದೆಂತಕ್ಕೆ? ಅವ್ಳು ಆಡ್ಲಿ, ನಾ ಮನೇಲಿದ್ದಾಗ. ನೀವು ಈ ಶನಿವಾರ ಬನ್ನಿ. ಅತ್ತೆಗೆ ನಿಮ್ಮ ಹೆಸ್ರು ನೆನಪಿರೂವಾಗ್ಲೇ ಬನ್ನಿ."

ಅವತ್ತು ಸಂಜೆ ಪವಿತ್ರಾ ಕೇಳದೆಯೇ ಮೊಬೈಲನ್ನು ತಂದು ತಾಯಿಯ ಮಡಿಲಿಗೆ ಹಾಕಿದಳು. "ನೀನೇ ಇಟ್ಕ."

"ನಂಗೆ ಬ್ಯಾಡ. ಗೂಡಲ್ಲಿಡು. ನಾ ಬಂದ ಮೇಲೆ ದೊಡ್ಡ ಮುಳ್ಳು ಅರ್ಧ ಸುತ್ತು ಬರೂ ತನಕ ಆಡು. ಮುಳ್ಳು ನೀನೇ ನೋಡು."

"ತಪ್ಪಿದ್ರೆ?"

"ತಪ್ಪಿದ್ರೆ ಹೇಳು."

ಇಷ್ಟಾದ ಮೇಲೆ ಉಳಿದದ್ದು ಹಾಡು. ಮೂರನೇ ಹೊಳೆಯ ಆಚೆ ಏನಿದೆ ಎಂದು ತಿಳಿದರೆ ಅಜ್ಜಿ ತೊದಲಿದಾಗ ಮುಂದಿನ ಸೊಲ್ಲು ಎತ್ತಿಕೊಡಬಹುದು. ಪವಿತ್ರಾಳನ್ನು ಕೇಳಿದರೆ ಅವಳು ಅತ್ತೇಬಿಟ್ಟಳು. ಮಳೆಗಾಲವಿಡೀ ಪೂರ್ತಿ ಹಾಡು ಕಿವಿಯ ಹತ್ತಿರವೇ ಹೋಗಿತ್ತು. ಆಗ ಅವಳ ಗಮನ ಕೆಂಪು ಅಂಗಿಯ ಹುಡುಗಿಯ ಮೇಲೆ. ಹಾಡು ತಲೆಗೆ ಹತ್ತಿದ್ದು ದೀಪಾವಳಿಯ ಮೇಲೆ, ದಿನಕ್ಕೆ ಮೂರು ನಾಲ್ಕು ಸಲ ಕೇಳಿ ಕೇಳಿ. ಅಷ್ಟರಲ್ಲಿ ತಂಗಿ ಹೊಳೆ ದಾಟುವುದನ್ನು ಬಿಟ್ಟಿದ್ದಳು. ವಿನುತಾ ಕರ್ಕಿ ಊರಿನ ಹೆಣ್ಣು. ತವರಿನಲ್ಲಿ ಈ ಹಾಡು ಕೇಳಿದವಳಲ್ಲ, ಇಲ್ಲಿ ಕೇಳುವಾಗ ನೋಡಿದ್ದು ಗಡಿಯಾರ. ಸಂತೋಷನಿಗೆ, "ಎಂತೋ ದೋಣಿ ಬತ್ತದೆ ಅನ್ಸ್ತದೆ," ಎನ್ನುವುದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಕೊನೆಗೆ ವಿನುತಾ ಭಾನುವಾರ ಬೆಳಿಗ್ಗೆ ಆಚೆ ಕೇರಿಯ ಬಂಗಾರಿಯನ್ನು ಕರೆದುತಂದಳು. ಬಂಗಾರಿ ಹೊನ್ನಮ್ಮನೊಡನೆ ಒಂದೇ ಸಾಲಿನಲ್ಲಿ ನಲವತ್ತು ಮಳೆಗಾಲ ನೆಟ್ಟಿ ಮಾಡಿದವಳು.

"ಹಾಡು ಗೊತ್ತಿಲ್ಲ ಅಂದ್ರೆ ಹೆಂಗೆ? ಗೊತ್ತಿದೆ," ಎಂದಳು ಬಂಗಾರಿ ಜಗಲಿಯಲ್ಲಿ ಎಲೆಯಡಿಕೆಯ ಕವಳದ ಚೀಲ ಬಿಚ್ಚುತ್ತ. "ಆದ್ರೆ ಮುಂದೆ ಹೇಳೂಳು ಹೊನ್ನಿ. ನಾ ಹಿಂದೆ ಹೇಳೂಳು. ಅವ್ಳು ಸೊಲ್ಲು ಹಾಕೂದು, ನಾ ಎತ್ಕಂಬೂದು. ಅವ್ಳು ಹಾಕ್ದೇ ಇದ್ರೆ ನನ್ನ ಬಾಯಿಗೆ ಬತ್ತಿಲ್ಲ ಕೂಸೇ. ಹಾಡ್ಲಿ, ಕಾಂಬ."

ಹೊನ್ನಮ್ಮನಿಗೆ ಗೆಳತಿಯನ್ನು ಕಂಡು ಹುರುಪು ಬಂತು. "ಎಷ್ಟು ದಿನ ಆತೇ ನಿನ್ನ ಮುಸುಡಿ ಕಾಣ್ದೆ!" ಎಂದು ಬೈದು, ಸರ ಸರಿಮಾಡಿಕೊಂಡು ಶುರು ಮಾಡಿದಳು. ಒಂದು ಸೊಲ್ಲು ಹೊನ್ನಮ್ಮ, ಅದೇ ಸೊಲ್ಲು ಬಂಗಾರಿ. ಪವಿತ್ರಾ ಅಜ್ಜಿಯ ಮೊಣಕಾಲಿಗೆ ತಾಗಿ ಕೂತಿದ್ದಳು, ಕೈ ಖಾಲಿ. ಸಂತೋಷ ಮೆಟ್ಟಿಲ ಮೇಲೆ. ವಿನುತಾ ಬಾಗಿಲಲ್ಲಿ ನೋಟ್ಸು ಪುಸ್ತಕ ಹಿಡಿದು ಬರೆದುಕೊಳ್ಳುತ್ತಿದ್ದಳು. ಈ ಸಲ ನಿಮಿಷವಲ್ಲ, ಸೊಲ್ಲು. ಮಾವಿನ ಮರ. ಆಕಳು. ಉಪ್ಪಿನ ಮುದುಕಿ. ಒಂದು ಹೊಳೆ. ಎರಡು ಹೊಳೆ.

ಮೂರನೇ ಹೊಳೆಗೆ ಕಾಲಿಟ್ಟು ತಂಗೀ
ನೀರು ಬಂತಲ್ಲೇ ಕೊರಳಿಗೆ

ಬಂಗಾರಿ ಎತ್ತಿಕೊಂಡಳು: ನೀರು ಬಂತಲ್ಲೇ ಕೊರಳಿಗೆ. ಹೇಳಿ, ಗೆಳತಿಯ ಬಾಯಿ ನೋಡುತ್ತ ಕಾದಳು. ಹೊನ್ನಮ್ಮನ ತುಟಿ ಅಲುಗಿತು. ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು, ಸಸಿ ಊರುವ ಹಾಗೆ ಒಮ್ಮೆ ಬಗ್ಗಿತು, ಎದ್ದಿತು. ಬಂಗಾರಿ ಕಣ್ಣು ಮುಚ್ಚಿಕೊಂಡು ತನ್ನೊಳಗೇ ತಡಕಿದಳು. ತಲೆ ಅಲ್ಲಾಡಿಸಿದಳು.

"ತಂಗಿ ಹೊಳೇಲಿ ಇದ್ದಾಳೆ," ಎಂದಳು ಹೊನ್ನಮ್ಮ. "ನೀರು ಕೊರಳಿಗೆ ಬಂದದೆ. ನಾ ಅವ್ಳನ್ನ ಅಲ್ಲೇ ಬಿಟ್ಟು ಹೋಗೂಕೆ ಆತದ್ಯಾ? ಎಂತ ಮಗಾ ಮುಂದೆ? ಎಂತ ಮುಂದೆ?"

ಪವಿತ್ರಾ ಅಜ್ಜಿಯನ್ನು ನೋಡಲಿಲ್ಲ, ತಾಯಿಯನ್ನು ನೋಡಿದಳು. ಬಾವಿಕಟ್ಟೆಯಲ್ಲಿ ಮಾತಾದ ಮೇಲೆ ಆ ಸೊಲ್ಲನ್ನು ಅವಳು ಒಮ್ಮೆಯೂ ಹೇಳಿರಲಿಲ್ಲ. ಹೊನ್ನಮ್ಮ ಮೊಮ್ಮಗಳ ರಟ್ಟೆ ಹಿಡಿದು ಅಲುಗಿಸುತ್ತಿದ್ದಳು. ಸಂತೋಷ ಎದ್ದು ನಿಂತ, ಏನು ಮಾಡುವುದೆಂದು ತಿಳಿಯದೆ ಮತ್ತೆ ಕೂತ.

ವಿನುತಾ ಪೆನ್ಸಿಲು ಕೆಳಗಿಟ್ಟಳು. ಮಗಳನ್ನೇ ನೋಡುತ್ತ ತಲೆ ಆಡಿಸಿದಳು. ಹೇಳು.

"ಅಟ್ಟ ಮಡಕೆ..." ಪವಿತ್ರಾ ಅಜ್ಜಿಯ ಕಡೆ ತಿರುಗಿದಳು. ಮತ್ತೆ ಹೇಳಿದಳು. "ಅಟ್ಟ ಮಡಕೆ ಕವುಚಿಟ್ಟು ತಂಗೀ."

"ಹೌದು ಹೌದು!" ರಟ್ಟೆಯ ಮೇಲಿನ ಬೆರಳು ಸಡಿಲಾಯಿತು. "ಕಂಡ್ಯೇನೇ ಬಂಗಾರಿ? ನನ್ನ ಕೂಸಿಗೆ ಹಾಡು ಬತ್ತದೆ."

ಬಂಗಾರಿ ವಿನುತಾಳ ಮುಖ ನೋಡಿದಳು, ಕೆಳಗೆ ನೋಡಿದಳು, ಸೊಲ್ಲು ಎತ್ತಿಕೊಂಡಳು. ಹೊರಟಾಳೆ ತಾಯ ಮನೆಗೆ. ಪವಿತ್ರಾಳೂ ದನಿ ಸೇರಿಸಿದಳು. ತಂಗಿ ಮತ್ತೆ ಒಲೆಯ ಮುಂದೆ ಇದ್ದಳು, ಕಾಲು ಒಣಗಿತ್ತು, ಮೂರು ಹೊಳೆಯೂ ಇನ್ನೂ ದೂರವಿತ್ತು.